ಹನ್ನೆರಡೆಂಟ್ಲೆ ಎಷ್ಟು?

ಮಿಕೆಲೆ ಬೆರ್ಟಿನೊ ಇಟಲಿಯ ಒಬ್ಬ ರೈತ. 1877ರಲ್ಲಿ ಎತ್ತರದಿಂದ ಜಾರಿದ ಇಟ್ಟಿಗೆಯೊಂದು ಅವನ ತಲೆಯ ಮೇಲೆ ಬಿತ್ತು. ಬುರುಡೆ ಒಡೆಯಿತು. ಜೀವ ಉಳಿಯಿತು, ಬುದ್ಧಿಯೂ ನೆಟ್ಟಗೇ ಇತ್ತು. ಮೂಳೆಯ ಚೂರು ತೆಗೆದ ಜಾಗದಲ್ಲಿ ಮಾತ್ರ ಒಂದು ರಂಧ್ರ ಉಳಿದುಕೊಂಡಿತು. ಅಲ್ಲಿ ಏನೋ ಒಂದೇ ಸಮನೆ ಬಡಿಯುತ್ತಿತ್ತು. ಎಳೆಗೂಸಿನ ನೆತ್ತಿಗೆ ಎಣ್ಣೆ ಒತ್ತಿದವರೆಲ್ಲ ಈ ಬಡಿತವನ್ನು ಕಂಡವರೇ. ನೆತ್ತಿ ಕೂಡುವ ತನಕ ಬೆರಳ ತುದಿಗೆ ಸಿಗುವ ಮಿದುಳಿನ ನಾಡಿ ಅದು. ನೆತ್ತಿ ಕೂಡಿದ ಮೇಲೆ ಆ ಬಾಗಿಲು ಮುಚ್ಚಿಬಿಡುತ್ತದೆ. ಬೆರ್ಟಿನೊಗೆ ಅದು ನಡುವಯಸ್ಸಿನಲ್ಲಿ ಮತ್ತೆ ತೆರೆದಿತ್ತು.

ಆ ಬಾಗಿಲ ಬಳಿ ಬಂದು ಕೂತವನು ಟ್ಯೂರಿನ್ನಿನ ಶರೀರವಿಜ್ಞಾನಿ ಆಂಜೆಲೊ ಮೊಸ್ಸೊ. ಬಡಗಿಯ ಮಗ, ಆಗಿನ್ನೂ ಮೂವತ್ತೊಂದರ ಹರೆಯ. ರಂಧ್ರದ ಮೇಲೆ ಗಾಳಿಯಾಡದ ಮುಚ್ಚಳ ಕೂರಿಸಿ, ಅದರಿಂದ ಒಂದು ಕೊಳವೆ ಎಳೆದು, ಕೊಳವೆಯ ಗಾಳಿ ನೂಕಿದಾಗೆಲ್ಲ ಅಲ್ಲಾಡುವ ಕಡ್ಡಿಯೊಂದನ್ನು ಸುತ್ತುವ ಉರುಳೆಯ ಕಾಗದಕ್ಕೆ ತಾಗಿಸಿದ. ಮಿದುಳಿನ ಪ್ರತಿ ಬಡಿತವೂ ಗೆರೆಯಾಗಿ ಕಾಗದಕ್ಕೆ ಇಳಿಯತೊಡಗಿತು. ಮುಂಗೈಯ ನಾಡಿಗೂ ಇಂಥದೇ ಏರ್ಪಾಡು ಮಾಡಿಕೊಂಡ. ಮಿದುಳಿನಲ್ಲಿ ಕಂಡ ಬದಲಾವಣೆ ಮೈಯೆಲ್ಲದರದೋ, ಬರೀ ಮಿದುಳಿನದೋ ಎಂದು ತಿಳಿಯಲು ಕೈ ಸಾಕ್ಷಿಯಾಗಬೇಕಿತ್ತು.

ಒಂದು ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿತು. ಮಿದುಳಿನ ಗೆರೆ ಎತ್ತರಕ್ಕೆ ಜಿಗಿಯಿತು. ಕೈಯ ಗೆರೆ ಇದ್ದಲ್ಲೇ ಇತ್ತು. ಗಂಟೆ ಕೇಳಿ ಏವ್ ಮರಿಯಾ ಪ್ರಾರ್ಥನೆ ನೆನಪಾಯಿತೇ ಎಂದು ಮೊಸ್ಸೊ ಕೇಳಿದ. ಹೌದೆಂದ ಬೆರ್ಟಿನೊ. ಮೊಸ್ಸೊಗೆ ಇನ್ನೊಂದು ಪರೀಕ್ಷೆ ಹೊಳೆಯಿತು. ಎಂಟನ್ನು ಹನ್ನೆರಡರಿಂದ ಗುಣಿಸು ಎಂದ. ನಮ್ಮ ಮಕ್ಕಳಾದರೆ ಹನ್ನೆರಡೆಂಟ್ಲೆ ತೊಂಬತ್ತಾರು ಎಂದು ಬಾಯಿಪಾಠ ಒಪ್ಪಿಸಿಬಿಡುತ್ತಾರೆ. ಬೆರ್ಟಿನೊ ಯೋಚಿಸಬೇಕಾಯಿತು. ಕೆಲವು ಸೆಕೆಂಡಿನಲ್ಲಿ ಮಿದುಳಿನ ಗೆರೆ ಮತ್ತೆ ಏರಿತು.

ಮನುಷ್ಯ ಲೆಕ್ಕ ಮಾಡಿದರೆ ಮಿದುಳಿಗೆ ನೆತ್ತರು ಹೆಚ್ಚು ಹರಿಯುತ್ತದೆ ಎಂಬ ಮಾತಿಗೆ ಕಾಗದದ ಮೇಲೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಇದೊಂದು. ಆದರೆ ಇದಕ್ಕೆ ಒಡೆದ ಬುರುಡೆಯೇ ಬೇಕಾಯಿತು. ಮುಂದಿನ ನೂರಿಪ್ಪತ್ತು ವರ್ಷಗಳ ಕಥೆಯನ್ನು ನಾನು ಓದಿಕೊಂಡಿರುವುದು ಹೀಗೆ: ಬೆರ್ಟಿನೊಗೆ ಕೇಳಿದ ಆ ಪ್ರಶ್ನೆಯನ್ನು ಗಾಯವಿಲ್ಲದ ಮನುಷ್ಯನಿಗೆ, ಗಾಯ ಮಾಡದೆ, ಕೇಳುವುದು ಹೇಗೆ? ಯಂತ್ರಗಳು ಬದಲಾದವು, ದೇಶಗಳು ಬದಲಾದವು. ಕೇಳಿದ ಲೆಕ್ಕ ಹೆಚ್ಚುಕಡಿಮೆ ಅದೇ ಉಳಿಯಿತು.

ಮೊದಲ ಪ್ರಯತ್ನ ಮಾಡಿದವನೂ ಮೊಸ್ಸೊನೇ. 1880ರ ದಶಕದ ಆರಂಭದಲ್ಲಿ ಅವನೊಂದು ತಕ್ಕಡಿ ಕಟ್ಟಿಸಿದ. ಮರದ ಉದ್ದನೆಯ ಹಲಗೆ. ನಡುವೆ ಹರಿತವಾದ ಆಸರೆ. ಮನುಷ್ಯನನ್ನು ಅದರ ಮೇಲೆ ಮಲಗಿಸಿ, ತಲೆಯ ಕಡೆಯ ತೂಕವೂ ಕಾಲ ಕಡೆಯ ತೂಕವೂ ಸರಿಸಮ ಆಗುವಂತೆ ಹೊಂದಿಸಬೇಕು. ಉಸಿರಾಡಿದರೂ ಹಲಗೆ ತೂಗುತ್ತದೆ. ಕೈಕಾಲಿನ ನೆತ್ತರು ನೆಲೆಯಾಗುವ ತನಕ ಕಾಯಬೇಕು. ಆಮೇಲೆ ಏನಾದರೂ ಓದಲು ಕೊಡಬೇಕು, ಯೋಚಿಸಲು ಹೇಳಬೇಕು. ನೆತ್ತರು ತಲೆಗೆ ಏರಿದರೆ ತಲೆಯ ಕಡೆ ಹಲಗೆ ಬಾಗಬೇಕು. ಪತ್ರಿಕೆ ಓದುವಾಗಿನದಕ್ಕಿಂತ ತತ್ತ್ವಶಾಸ್ತ್ರದ ಪುಟ ಓದುವಾಗ ಹಲಗೆ ಹೆಚ್ಚು ಬಾಗುತ್ತಿತ್ತೆಂದು ಮಗಳು ಮಿಮಿ ಮುಂದೆ ನೆನಪಿಸಿಕೊಂಡಿದ್ದಾಳೆ.

ಆ ಹಲಗೆ ನಿಜಕ್ಕೂ ಮಿದುಳಿನ ನೆತ್ತರನ್ನೇ ತೂಗಿತೇ? ತಲೆಯಲ್ಲಿ ಚರ್ಮವಿದೆ, ಸ್ನಾಯುವಿದೆ. ಉಸಿರಿನ ಲಯ ಬದಲಾದರೂ ತೂಕ ಸರಿಯುತ್ತದೆ. ಈ ತೊಡಕುಗಳು ಮೊಸ್ಸೊಗೂ ಗೊತ್ತಿದ್ದವು, ಅವನ್ನು ಬೇರ್ಪಡಿಸಲು ಅವನು ಪಟ್ಟ ಶ್ರಮ ಅವನ ಬರಹಗಳಲ್ಲಿ ಕಾಣುತ್ತದೆ. 2014ರಲ್ಲಿ ಸ್ಟೆಫಾನೊ ಸಾಂಡ್ರೋನೆ ಮತ್ತು ಸಂಗಡಿಗರು ಮರೆತುಹೋಗಿದ್ದ ಆ ಬರಹಗಳನ್ನು ಮತ್ತೆ ಹೊರತಂದರು. ಅದೇ ವರ್ಷ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಫೀಲ್ಡ್ ಮತ್ತು ಲಾರಾ ಇನ್ಮನ್ ಇಂದಿನ ಸಾಮಗ್ರಿಯಿಂದ ಅಂಥದೇ ತಕ್ಕಡಿ ಕಟ್ಟಿ ಪ್ರಯೋಗವನ್ನು ಮತ್ತೆ ಮಾಡಿದರು. ನನಗೆ ಆ ಹಲಗೆಯ ಫಲಿತಾಂಶಕ್ಕಿಂತ ಅದರ ಹಂಬಲ ದೊಡ್ಡದಾಗಿ ಕಾಣುತ್ತದೆ. ಅದರ ಮೇಲೆ ಮಲಗಿದವನಿಗೆ ನೋವಿಲ್ಲ. ಎದ್ದು ಮನೆಗೆ ಹೋಗಬಹುದು.

ಆದರೆ ಆ ಕಾಲದ ವಿಜ್ಞಾನಕ್ಕೆ ಇನ್ನೊಂದು ಗೋಡೆ ಅಡ್ಡವಿತ್ತು. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೊ 1783ರಲ್ಲಿ ಹೇಳಿದ್ದ, ಜಾರ್ಜ್ ಕೆಲಿ 1824ರಲ್ಲಿ ಸಮರ್ಥಿಸಿದ್ದ ವಾದ ಅದು. ಬುರುಡೆ ಗಟ್ಟಿ ಡಬ್ಬಿ, ಹಿಗ್ಗದು, ಕುಗ್ಗದು. ಹಾಗಾಗಿ ಒಳಗಿನ ನೆತ್ತರ ಪ್ರಮಾಣ ಬದಲಾಗದು. ಪ್ರಮಾಣ ಬೇರೆ, ಹರಿವು ಬೇರೆ. ತುಂಬಿದ ಕಾಲುವೆಯಲ್ಲೂ ನೀರು ನಿಧಾನವಾಗಿ ಹರಿಯಬಹುದು, ರಭಸದಿಂದಲೂ ಹರಿಯಬಹುದು. ಈ ವ್ಯತ್ಯಾಸ ಹಲವರ ಕಣ್ಣು ತಪ್ಪಿತು. 1890ರಲ್ಲಿ ಕೇಂಬ್ರಿಜ್‌ನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಗೋಡೆಯನ್ನು ತಳ್ಳಿ ನೋಡಿದರು. ಮಿದುಳು ಕೆಲಸ ಮಾಡಿದಾಗ ಹುಟ್ಟುವ ರಾಸಾಯನಿಕಗಳೇ ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಎಲ್ಲಿ ಕೆಲಸವೋ ಅಲ್ಲಿಗೆ ನೆತ್ತರು ಎಂದರು. 1896ರಲ್ಲಿ ಲಿಯೊನಾರ್ಡ್ ಹಿಲ್ ಅದನ್ನು ಒಪ್ಪಲಿಲ್ಲ: ಮಿದುಳಿನ ಹರಿವು ಮೈಯ ರಕ್ತದೊತ್ತಡವನ್ನು ಹಿಂಬಾಲಿಸುತ್ತದೆಯೇ ಹೊರತು ಅದಕ್ಕೆ ಸ್ವಂತ ಹತೋಟಿಯಿಲ್ಲ ಎಂಬುದು ಅವನ ಪಕ್ಷ. ಹಿಲ್‌ನ ಮಾತಿಗೆ ತೂಕವಿತ್ತು. ರಾಯ್–ಶೆರಿಂಗ್ಟನ್ ಕಂಡದ್ದು ದಶಕಗಳ ಕಾಲ ಮೂಲೆ ಸೇರಿತು.

ಅದನ್ನು ಮತ್ತೆ ಎತ್ತಿ ಹಿಡಿದವನೂ ಒಬ್ಬ ರೋಗಿಯೇ. ವೈದ್ಯಸಾಹಿತ್ಯದಲ್ಲಿ ಅವನು ವಾಲ್ಟರ್ ಕೆ. ಹಡಗಿನಲ್ಲಿ ದುಡಿದವನು. ತಲೆನೋವು, ಮಂಜಾಗುತ್ತಿರುವ ಕಣ್ಣು, ತಲೆಯ ಹಿಂಭಾಗದಲ್ಲಿ ಸದಾ ಕೇಳುವ ಒಂದು ಮೊರೆತ. ಬೋಸ್ಟನ್ನಿನಲ್ಲಿ ಹಾರ್ವಿ ಕುಷಿಂಗ್ ಶಸ್ತ್ರಚಿಕಿತ್ಸೆಗೆ ಬುರುಡೆ ತೆರೆದಾಗ ದೃಷ್ಟಿಯ ಕೆಲಸ ನಡೆಯುವ ಜಾಗದಲ್ಲಿ ಗೋಜಲಾದ ರಕ್ತನಾಳಗಳ ಗಂಟು ಕಂಡಿತು. ತೆಗೆಯಲಾಗದ ಗಂಟು. ಮೂಳೆಯಲ್ಲಿ ಕಿಂಡಿ ಉಳಿಯಿತು, ಅದರ ಮೂಲಕ ಮೊರೆತ ಹೊರಗಿನವರಿಗೂ ಕೇಳತೊಡಗಿತು. ಕಣ್ಣಿಗೆ ಕೆಲಸ ಕೊಟ್ಟಾಗ ಸದ್ದು ಜೋರಾಗುತ್ತದೆಂದು ವಾಲ್ಟರ್‌ನೇ ಗಮನಿಸಿ ಹೇಳಿದ್ದ. ಯುವ ವೈದ್ಯ ಜಾನ್ ಫುಲ್ಟನ್ ಅದನ್ನು ದಾಖಲಿಸುತ್ತ ಹೋದ. ಕತ್ತಲಲ್ಲಿ ಕಣ್ಣು ಮುಚ್ಚಿ ಮಲಗಿದರೆ ಸದ್ದು ತಗ್ಗುತ್ತದೆ. ಸಣ್ಣ ಅಕ್ಷರ ಓದಲು ಕೊಟ್ಟರೆ ಏರುತ್ತದೆ. ತಂಬಾಕು, ವೆನಿಲಾ ಮೂಸಲು ಕೊಟ್ಟರೆ ಬದಲಾವಣೆಯಿಲ್ಲ. 1928ರಲ್ಲಿ ಪ್ರಕಟವಾದ ಈ ವರದಿಯನ್ನು ಓದುವಾಗ ಫುಲ್ಟನ್‌ಗಿಂತ ಮೊದಲು ವಾಲ್ಟರ್‌ಗೆ ಕೈಮುಗಿಯಬೇಕೆನಿಸುತ್ತದೆ. ತನ್ನ ಕಾಯಿಲೆಯ ಸದ್ದನ್ನು ಅಷ್ಟು ನಿಗಾ ಇಟ್ಟು ಕೇಳಿಸಿಕೊಂಡವನು ಅವನು.

ಇಲ್ಲಿಯವರೆಗೆ ಏರಿಕೆ ಇಳಿಕೆ ಮಾತ್ರ ಕಂಡಿತ್ತು. ಮಿದುಳಿಗೆ ನಿಮಿಷಕ್ಕೆ ಎಷ್ಟು ನೆತ್ತರು ಬೇಕು ಎಂಬುದಕ್ಕೆ ಸಂಖ್ಯೆ ಸಿಕ್ಕಿದ್ದು ಫಿಲಡೆಲ್ಫಿಯಾದಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ 1940ರ ದಶಕದಲ್ಲಿ ರೂಪಿಸಿದ ಉಪಾಯವನ್ನು ಕೆರೆಯ ಹೋಲಿಕೆಯಿಂದ ಹೇಳಬಹುದು. ಕೆರೆಗೆ ಬರುವ ಕಾಲುವೆಯಲ್ಲಿ ಬಣ್ಣ ಕಲಸುತ್ತ ಹೋಗಿ. ಮೊದಮೊದಲು ಕೋಡಿಯಲ್ಲಿ ತಿಳಿನೀರೇ ಹರಿಯುತ್ತದೆ. ಮೆಲ್ಲಗೆ ಬಣ್ಣ ಕಾಣತೊಡಗುತ್ತದೆ. ಕೊನೆಗೆ ಕಾಲುವೆಯ ಬಣ್ಣವೂ ಕೋಡಿಯ ಬಣ್ಣವೂ ಒಂದಾಗುತ್ತವೆ. ಎಷ್ಟು ಬೇಗ ಒಂದಾದವೋ ಅಷ್ಟು ರಭಸ ಕೆರೆಯ ಹರಿವು. ಕೆಟಿಯವರ ಬಣ್ಣ ನೈಟ್ರಸ್ ಆಕ್ಸೈಡ್ ಅನಿಲ. ಹತ್ತು ನಿಮಿಷ ಅದನ್ನು ಸ್ವಲ್ಪ ಪ್ರಮಾಣದಲ್ಲಿ ಉಸಿರಾಡಬೇಕು. ಅಪಧಮನಿಯಿಂದ ಒಂದು ಸೂಜಿ, ಬುರುಡೆಯ ಬುಡದಲ್ಲಿ ಕತ್ತಿನ ಅಭಿಧಮನಿಯಿಂದ ಇನ್ನೊಂದು ಸೂಜಿ ಮತ್ತೆ ಮತ್ತೆ ರಕ್ತ ಎಳೆಯುತ್ತಿರಬೇಕು.

ಉತ್ತರ ಬಂತು: 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 54 ಮಿಲಿಲೀಟರ್. ಇಡೀ ಮಿದುಳಿಗೆ ಹತ್ತಿರಹತ್ತಿರ ಮುಕ್ಕಾಲು ಲೀಟರ್. ಮೈತೂಕದಲ್ಲಿ ನೂರಕ್ಕೆ ಎರಡರಷ್ಟು ಇರುವ ಅಂಗ ಮೈ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಉಣ್ಣುತ್ತದೆ ಎಂಬ ಮಾತಿಗೆ ಆಧಾರ ಕೊಟ್ಟದ್ದು ಇಂಥ ಅಳತೆಗಳೇ.

ಆಮೇಲೆ ಅವರ ಬಳಗ ಬೆರ್ಟಿನೊನ ಪ್ರಶ್ನೆಗೆ ಮರಳಿತು. 1955ರಲ್ಲಿ ಲೂಯಿಸ್ ಸೊಕೊಲಾಫ್, ಕೆಟಿ ಮತ್ತು ಸಂಗಡಿಗರು ಮನಸ್ಸಿನಲ್ಲೇ ಲೆಕ್ಕ ಮಾಡುತ್ತಿರುವವರ ಮಿದುಳಿನ ಹರಿವನ್ನು ಅಳೆದು ಪ್ರಕಟಿಸಿದರು. ಏನೂ ಬದಲಾಗಿರಲಿಲ್ಲ! ಸುಮ್ಮನೆ ಮಲಗಿದ್ದಾಗ ಎಷ್ಟೋ ಲೆಕ್ಕ ಮಾಡುವಾಗಲೂ ಅಷ್ಟೇ. ಹಾಗಾದರೆ ಮೊಸ್ಸೊ ಕಂಡದ್ದು ಸುಳ್ಳೇ? ಅಲ್ಲ. ಕೆಟಿಯವರ ವಿಧಾನ ಕೋಡಿಯಲ್ಲಿ ನಿಂತು ಇಡೀ ಕೆರೆಯನ್ನು ಅಳೆಯುತ್ತದೆ. ಕೆರೆಯ ಒಂದು ಮೂಲೆಯಲ್ಲಿ ಸುಳಿ ಎದ್ದರೆ ಕೋಡಿಯಲ್ಲಿ ನಿಂತವರಿಗೆ ತಿಳಿಯದು. ಅದನ್ನು ಅರಿತೇ ಅವರು ಅದೇ ವರ್ಷ ಬೆಕ್ಕುಗಳ ಮಿದುಳಿನಲ್ಲಿ ವಿಕಿರಣ ಸೂಸುವ ಅನಿಲ ಬಳಸಿ ಭಾಗಭಾಗದ ಹರಿವಿನ ಚಿತ್ರ ತೆಗೆದರು. ಆ ಪದ್ಧತಿಯನ್ನು ಮನುಷ್ಯರ ಮೇಲೆ ಮಾಡುವಂತಿರಲಿಲ್ಲ. ಚಿತ್ರ ಬೇಕಾದರೆ ಪ್ರಾಣಿಯ ಪ್ರಾಣ ಹೋಗಬೇಕಿತ್ತು.

ಮನುಷ್ಯರಲ್ಲಿ ಭಾಗಭಾಗದ ನಕ್ಷೆ ಮೊದಲು ಬಿಡಿಸಿದವರು ಕೋಪನ್‌ಹೇಗನ್ನಿನ ನೀಲ್ಸ್ ಲಾಸೆನ್, ಸ್ವೀಡನ್ನಿನ ಲುಂಡ್‌ನ ಡೇವಿಡ್ ಇಂಗ್ವಾರ್. ಕತ್ತಿನ ಅಪಧಮನಿಗೆ ಜೆನಾನ್-133 ಎಂಬ ವಿಕಿರಣ ಸೂಸುವ ಅನಿಲವನ್ನು ದ್ರಾವಣದಲ್ಲಿ ಹಾಕಿ, ತಲೆಯ ಪಕ್ಕಕ್ಕೆ ಪುಟ್ಟ ಪತ್ತೆಕಾರಕಗಳ ಸಾಲು ಹಿಡಿದರು. ಮೊದಲು ಬೆರಳೆಣಿಕೆಯಷ್ಟು, 1970ರ ದಶಕದಲ್ಲಿ 254. ಮಾತಾಡಿದರೆ ಒಂದು ಜಾಗ, ಓದಿದರೆ ಇನ್ನೊಂದು ಜಾಗ ಬಣ್ಣ ಏರಿಸಿಕೊಂಡು ಪರದೆಯ ಮೇಲೆ ಬೆಳಗುವುದನ್ನು ಲೋಕ ಮೊದಲು ಕಂಡದ್ದು ಅಲ್ಲೇ. ಇಂಗ್ವಾರ್ ಮತ್ತು ಯಾರ್ಲ್ ರಿಸ್ಬೆರಿ 1967ರಲ್ಲೇ ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸಲು ಹೇಳಿ, ಹರಿವು ಕೆಲವೆಡೆ ಏರುವುದನ್ನು ತೋರಿಸಿದ್ದರು. ಆದರೆ ಕತ್ತಿನ ಅಪಧಮನಿಗೆ ಸೂಜಿ! ಬೇರೆ ಕಾರಣಕ್ಕೆ ಹೇಗೂ ಆ ತಪಾಸಣೆ ಬೇಕಾಗಿದ್ದ ರೋಗಿಗಳಲ್ಲಿ ಮಾತ್ರ ಅದು ಸಾಧ್ಯವಿತ್ತು. ಪಕ್ಕದ ಮನೆಯ ಆರೋಗ್ಯವಂತನನ್ನು ಕರೆದು ಹಾಗೆ ಮಾಡುವಂತಿಲ್ಲ.

ಸೂಜಿ ಕತ್ತಿನಿಂದ ತೋಳಿಗೆ ಇಳಿದದ್ದು ಪೆಟ್ ಸ್ಕ್ಯಾನ್‌ನಿಂದ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಟೆರ್-ಪೊಗೋಸಿಯನ್, ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್ಮನ್ 1970ರ ದಶಕದ ನಡುವೆ ಅದಕ್ಕೆ ರೂಪ ಕೊಟ್ಟರು. ಸುತ್ತಲಿಂದ ಸಿಕ್ಕ ನೆರಳುಗಳನ್ನು ಸೇರಿಸಿ ಒಳಗಿನ ಪದರದ ಚಿತ್ರ ಕಟ್ಟುವ ಗಣಿತ ಇಂಥ ಯಂತ್ರಗಳ ಬೆನ್ನೆಲುಬು. ಆ ಗಣಿತವನ್ನು ಸರಾಗ ಮಾಡಿದ ದಾರಿಯೊಂದನ್ನು 1971ರಲ್ಲಿ ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದ ರಾಮಚಂದ್ರನ್ ಅವರನ್ನು ನಾವು ಕೊಲಾಜೆನ್‌ನ ರಚನೆಗಾಗಿ ನೆನೆಯುತ್ತೇವೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತು ಕಾಯುವಾಗಲೂ ನೆನೆಯಬೇಕು.

ಸೇಂಟ್ ಲೂಯಿಸ್‌ನಲ್ಲಿ ಬಳಸಿದ ಗುರುತು ಆಕ್ಸಿಜನ್-15 ಬೆರೆತ ನೀರು. ಎರಡೇ ನಿಮಿಷದಲ್ಲಿ ಅದರ ವಿಕಿರಣ ಅರ್ಧವಾಗುತ್ತದೆ. ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಪಕ್ಕದಲ್ಲೇ ಇರಬೇಕು. ಅಲ್ಲಿ ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೇಕಲ್ 1986ರಲ್ಲಿ ಎಲ್ಲರನ್ನೂ ಬೆರಗಾಗಿಸಿದ ಸಂಗತಿಯೊಂದನ್ನು ಹೇಳಿದರು. ಬೆರಳಿಗೆ ಕಂಪನ ಕೊಟ್ಟಾಗ ಮಿದುಳಿನ ಸ್ಪರ್ಶದ ಜಾಗದಲ್ಲಿ ನೆತ್ತರ ಹರಿವು ನೂರಕ್ಕೆ 29ರಷ್ಟು ಏರಿತು. ಆಮ್ಲಜನಕದ ಬಳಕೆ ಏರಿದ್ದು ನೂರಕ್ಕೆ 5 ಮಾತ್ರ. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಬಡಿಸುತ್ತದೆ ದೇಹ. ಬಳಕೆಯಾಗದ ಆಮ್ಲಜನಕ ಹೊರಹೋಗುವ ನೆತ್ತರಲ್ಲೇ ಉಳಿದುಬಿಡುತ್ತದೆ. ಈ ಮಿಗುವಿನ ಮೇಲೆ ಮುಂದೆ ಒಂದು ವಿಜ್ಞಾನವೇ ನಿಲ್ಲಲಿತ್ತು.

ಅದಕ್ಕೆ ಮುನ್ನ ಒಂದು ಪುಟ್ಟ ಉಪಕರಣದ ಮಾತು ಹೇಳದೆ ಮುಂದೆ ಹೋಗಲಾರೆ. 1982ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೂನೆ ಓಸ್ಲಿಡ್ ಮತ್ತು ಸಂಗಡಿಗರು ಕಣತಲೆಯ ತೆಳು ಮೂಳೆಯ ಮೂಲಕ ಶ್ರವಣಾತೀತ ಧ್ವನಿ ಹಾಯಿಸಿ ಒಳಗಿನ ಅಪಧಮನಿಯಲ್ಲಿ ನೆತ್ತರ ವೇಗ ಅಳೆಯಬಹುದೆಂದು ತೋರಿಸಿದರು. ಸೂಜಿಯಿಲ್ಲ, ವಿಕಿರಣವಿಲ್ಲ. ಕುಡುಗೋಲು ಕಣ ರೋಗವಿರುವ ಮಕ್ಕಳಿಗೆ ಚಿಕ್ಕಂದಿನಲ್ಲೇ ಪಾರ್ಶ್ವವಾಯು ಬಡಿಯುವುದುಂಟು. ಯಾರಿಗೆ ಬಡಿಯಬಹುದೆಂದು ಮೊದಲೇ ಹೇಳಲು ಈ ಧ್ವನಿಯಂತ್ರ ನೆರವಾಯಿತು. ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ವೇಗ ಕಂಡ 130 ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಅಮೆರಿಕದ ಅಧ್ಯಯನ 1998ರಲ್ಲಿ ಪ್ರಕಟವಾಯಿತು: ನಿಯಮಿತವಾಗಿ ರಕ್ತ ಕೊಟ್ಟ ಗುಂಪಿನಲ್ಲಿ ಒಂದು ಮಗುವಿಗೆ ಪಾರ್ಶ್ವವಾಯು, ಇನ್ನೊಂದು ಗುಂಪಿನಲ್ಲಿ ಹನ್ನೊಂದು ಮಕ್ಕಳಿಗೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೇ ರಕ್ತರೋಗವಿದೆ. ಹಾಗಾಗಿ ಈ ಎರಡು ಸಂಖ್ಯೆಗಳು ನಮ್ಮಿಂದ ದೂರದವಲ್ಲ.

ಈಗ ಆ ಮಿಗುವಿನ ಕಥೆ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿರುವಾಗ ಒಂದು ಬಗೆ, ಇಳಿಸಿದ ಮೇಲೆ ಇನ್ನೊಂದು ಬಗೆಯಲ್ಲಿ ಆಯಸ್ಕಾಂತಕ್ಕೆ ಸ್ಪಂದಿಸುತ್ತದೆ ಎಂದು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತಿಳಿಸಿದ್ದರು. ಐವತ್ತು ವರ್ಷ ದಾಟಿದ ಮೇಲೆ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಸೇಜಿ ಒಗಾವಾ ಅವರು ಇಲಿಯ ಮಿದುಳಿನ ಎಂಆರ್‌ಐ ಚಿತ್ರದಲ್ಲಿ ಕಪ್ಪು ಗೆರೆಗಳನ್ನು ಕಂಡರು. ಇಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಗೆರೆಗಳು ಮಾಯ. ರಕ್ತನಾಳಗಳು ತಾವಾಗಿಯೇ ಚಿತ್ರದಲ್ಲಿ ಗುರುತು ಬಿಡುತ್ತಿದ್ದವು. 1990ರಲ್ಲಿ ಇದು ಪ್ರಕಟವಾಯಿತು. 1991ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕೆನ್ ಕ್ವಾಂಗ್ ಮನುಷ್ಯರ ಕಣ್ಣಿಗೆ ಬೆಳಕು ಮಿನುಗಿಸಿ, ಅವರ ಮಿದುಳಿನ ಹಿಂಭಾಗ ಬೆಳಗುವುದನ್ನು ಸೂಜಿಯಿಲ್ಲದೆ ನೋಡಿದರು. ವಾಲ್ಟರ್‌ನ ಮೊರೆತ ಏರುತ್ತಿದ್ದದ್ದೂ ಅಲ್ಲೇ.

ಫಂಕ್ಷನಲ್ ಎಂಆರ್‌ಐ ಎಂದು ಹೆಸರಾದ ಈ ವಿಧಾನ ಲೋಕವನ್ನೇ ಗೆದ್ದಿತು. ಆದರೆ ಅದು ತೋರಿಸುವುದು ಆಮ್ಲಜನಕದ ಮಿಗುವಿನ ನೆರಳನ್ನು, ಹರಿವನ್ನಲ್ಲ. ಇಷ್ಟು ಮಿಲಿಲೀಟರ್ ಎಂದು ಅದು ಹೇಳಲಾರದು. ಸಂಖ್ಯೆ ಯಾಕೆ ಬೇಕೆಂದರೆ, ಜೀವ ಉಳಿಯುವುದೂ ಹೋಗುವುದೂ ಸಂಖ್ಯೆಯ ಮೇಲೆ. 100 ಗ್ರಾಂಗೆ ನಿಮಿಷಕ್ಕೆ 20 ಮಿಲಿಲೀಟರ್‌ನ ಆಸುಪಾಸಿಗೆ ಹರಿವು ಇಳಿದರೆ ಆ ಭಾಗದ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 10ರ ಹತ್ತಿರ ಇಳಿದು ಅಲ್ಲೇ ನಿಂತರೆ ಸಾಯುತ್ತವೆ. ನಡುವೆ ಇರುವುದು ಇನ್ನೂ ಉಳಿಸಿಕೊಳ್ಳಬಹುದಾದ ಮಿದುಳು.

ಆ ಸಂಖ್ಯೆಯನ್ನು ಗಾಯವಿಲ್ಲದೆ ಪಡೆಯುವ ದಾರಿ 1992ರಲ್ಲಿ ತೆರೆಯಿತು. ಜಾನ್ ಡೆಟ್ರೆ, ಜಾನ್ ಲೀ, ಡೊನಾಲ್ಡ್ ವಿಲಿಯಮ್ಸ್, ಅಲನ್ ಕೊರೆಟ್ಸ್ಕಿ ಅವರು ಮೊದಲು ಇಲಿಗಳಲ್ಲಿ ಮಾಡಿ ತೋರಿಸಿದ ಉಪಾಯ ಎಷ್ಟು ಸರಳವೆಂದರೆ, ಓದಿದಾಗ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎನಿಸುತ್ತದೆ. ಹೊರಗಿನಿಂದ ಬಣ್ಣ ತಂದು ಕಲಸುವುದೇ ಬೇಡ. ನೆತ್ತರಲ್ಲಿ ನೀರಿದೆ, ನೀರಿನಲ್ಲಿ ಹೈಡ್ರೊಜನ್ ಇದೆ, ಅದರ ಒಂದೊಂದು ಬೀಜಕಣವೂ ಎಂಆರ್‌ಐ ಯಂತ್ರದೊಳಗೆ ಪುಟ್ಟ ಆಯಸ್ಕಾಂತದ ಹಾಗೆ. ನೆತ್ತರು ಕತ್ತಿನಲ್ಲಿ ಏರುತ್ತಿರುವಾಗಲೇ ರೇಡಿಯೊ ಅಲೆ ತಾಗಿಸಿ ಆ ಆಯಸ್ಕಾಂತಗಳನ್ನು ತಲೆಕೆಳಗು ಮಾಡಬೇಕು. ಎರಡು ಸೆಕೆಂಡು ಕಾದರೆ ಅವು ಮಿದುಳಿನೊಳಕ್ಕೆ ಹರಿದಿರುತ್ತವೆ. ಆಗ ಒಂದು ಚಿತ್ರ. ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಆಗಷ್ಟೇ ಬಂದ ನೆತ್ತರು ಮಾತ್ರ. ಆ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಅದಕ್ಕಾಗಿ ಜೋಡಿ ಚಿತ್ರಗಳನ್ನು ಹತ್ತಾರು ಸಲ ತೆಗೆದು ಸರಾಸರಿ ಮಾಡಬೇಕು. ಮಲಗಿದವರು ಕೆಲವು ನಿಮಿಷ ಅಲ್ಲಾಡಬಾರದು. ಗುರುತು ತಾನಾಗಿಯೇ ಅಳಿಸಿಹೋಗುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ.

1994ರಲ್ಲಿ ಮನುಷ್ಯರ ಮಿದುಳಿನಲ್ಲಿ ಈ ವಿಧಾನದಿಂದ ಹರಿವನ್ನು ಅಳೆದು ಪ್ರಕಟಿಸಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು. ಕೆಟಿ ಸೂಜಿ ಹಿಡಿದಿದ್ದ ಊರು ಅದೇ. ಲೆಕ್ಕ ಕಟ್ಟಿದ್ದೂ ಕೆಟಿಯವರ ಸಮೀಕರಣಗಳ ದಾರಿಯಲ್ಲೇ. ಆದರೂ ವಿಧಾನ ಆಸ್ಪತ್ರೆಗಳಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಆಯಸ್ಕಾಂತದ ಬಲ ಸಾಲದೆ ಚಿತ್ರ ಮಂಕು. ಒಂದೊಂದು ಪ್ರಯೋಗಾಲಯಕ್ಕೆ ಒಂದೊಂದು ಪಾಠ. 2015ರಲ್ಲಿ ಈ ಕ್ಷೇತ್ರದವರು ಕೂಡಿ ಎಲ್ಲರೂ ಒಪ್ಪಬಹುದಾದ ಕ್ರಮ ಬರೆದರು: ಕಾಯುವ ಹೊತ್ತು ದೊಡ್ಡವರಿಗೆ 1800 ಮಿಲಿಸೆಕೆಂಡು, ಮಕ್ಕಳಿಗೆ 1500, ವಯಸ್ಸಾದವರಿಗೆ 2000. ನಾಳ ಕಟ್ಟಿ ನೆತ್ತರು ಬಳಸುದಾರಿಯಲ್ಲಿ ತಡವಾಗಿ ಬಂದರೆ ಈಗಲೂ ಅಳತೆ ತಪ್ಪುತ್ತದೆ. ಬಂದಿಲ್ಲವೆಂದು ಕಾಣುವ ನೆತ್ತರು ದಾರಿಯಲ್ಲಿರಬಹುದು. ಅಪಸ್ಮಾರದ ಮೂಲ ಹುಡುಕುವವರು, ಮರೆವಿನ ರೋಗವನ್ನು ಬೇಗ ಹಿಡಿಯಲು ಯತ್ನಿಸುವವರು, ಗಡ್ಡೆಯ ಸ್ವಭಾವ ತಿಳಿಯಬಯಸುವವರು ಇದನ್ನು ಬಳಸುತ್ತಿದ್ದಾರೆ. ಪುಟ್ಟ ಮಕ್ಕಳನ್ನೂ ಮತ್ತೆ ಮತ್ತೆ ಅಳೆಯಬಹುದೆಂಬುದೇ ನನ್ನ ಕಣ್ಣಿಗೆ ಇದರ ದೊಡ್ಡಸ್ತಿಕೆ.

2005ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಜಿಯೊಂಗ್‌ಜಿಯೊಂಗ್ ವಾಂಗ್, ಡೆಟ್ರೆ ಮತ್ತು ಸಂಗಡಿಗರು ಆರೋಗ್ಯವಂತರನ್ನು ಯಂತ್ರದೊಳಗೆ ಮಲಗಿಸಿ ಲೆಕ್ಕ ಕೊಟ್ಟರು. ನಾಲ್ಕಂಕಿಯ ಒಂದು ಸಂಖ್ಯೆ. ಅದರಿಂದ 13 ಕಳೆಯುತ್ತ, ಉತ್ತರವನ್ನು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಬೇಗ, ಇನ್ನೂ ಬೇಗ ಎಂದು ಅವಸರಪಡಿಸುತ್ತಿದ್ದರು. ಒತ್ತಡ ಏರಿದಂತೆ ಬಲಗಡೆ ಹಣೆಯ ಹಿಂದಿನ ಭಾಗದಲ್ಲಿ ನೆತ್ತರ ಹರಿವು ಏರಿತು. ಲೆಕ್ಕ ನಿಲ್ಲಿಸಿ ಸುಮ್ಮನೆ ಮಲಗಿ ಎಂದರು. ಬಾಯಿ ಸುಮ್ಮನಾಯಿತು. ಹಣೆಯ ಹಿಂದಿನ ಆ ಹರಿವು ಮಾತ್ರ ಇನ್ನೂ ಇಳಿದಿರಲಿಲ್ಲ.